ಖಾಲಿ ಪುಟ ಮಾಡಿಟ್ಟರೆ ವಿಕಿ ತುಂಬುವುದಿಲ್ಲ

ತಂತ್ರಾಂಶವೊಂದರ ಸಹಾಯ ಕೈಪಿಡಿಯನ್ನು ಸ್ವಯಂಸೇವಕರಿಂದ ವಿಕಿಯಲ್ಲಿ ಬರೆಸಲು ಹೊರಟವರಿಗೆ ಕೊಟ್ಟಿರುವ ‘ಮೊದಲು ಎಲ್ಲ ವಿಷಯಗಳಿಗೂ ಶೀರ್ಷಿಕೆ ಕೊಟ್ಟು ಖಾಲಿ ಪುಟ ಮಾಡಿಡಿ, ಸ್ವಯಂಸೇವಕರು ಬಂದು ತುಂಬುತ್ತಾರೆ’ ಎಂಬ ಸಲಹೆ ಒಪ್ಪುವಂಥದ್ದಲ್ಲ. ವಿಕಿ ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯಲ್ಲಿ ಇಲ್ಲದ ಪುಟದ ಕೊಂಡಿ ಕೆಂಪಾಗಿ ಕಾಣುತ್ತದೆ; ಯಾವುದಕ್ಕೆ ಹೆಚ್ಚು ಕೊಂಡಿಗಳಿವೆಯೋ ಅದು ಮೇಲೆ ಬರುವಂತೆ ‘ಬೇಕಾಗಿರುವ ಪುಟಗಳು’ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಖಾಲಿ ಪುಟ ಮಾಡಿದ ಕೂಡಲೇ ಕೊಂಡಿ ನೀಲಿಯಾಗಿ ಆ ಪಟ್ಟಿಯಿಂದ ಮಾಯ. ಏನು ಬಾಕಿ ಇದೆ ಎಂದು ಹೊಸಬರಿಗೆ ತಿಳಿಯುವ ದಾರಿಯನ್ನೇ ಮುಚ್ಚಿದಂತಾಯಿತು.

ಇನ್ನು ‘ಇನ್‌ಸ್ಟಾಲೇಶನ್ ವಿಭಾಗ ನಿಮ್ಮದು’ ಎಂದು ಹಂಚಿದರೆ ಯಾರೂ ಮುಗಿಸುವುದಿಲ್ಲ. ಒಬ್ಬರಿಗೆ ಒಂದೇ ಪ್ರಶ್ನೆ, ಒಂದೇ ಪುಟ ಸಾಕು. ಬರೆದವರಲ್ಲದ ಇನ್ನೊಬ್ಬರು, ಕಂಪ್ಯೂಟರಿನೊಳಗೇ ತಂತ್ರಾಂಶದಿಂದ ಮಾಡಿಕೊಳ್ಳುವ ಹೊಸ ವರ್ಚುವಲ್ ಮಷೀನ್‌ನಲ್ಲಿ ಪ್ರತಿ ಕಮಾಂಡನ್ನೂ ಓಡಿಸಿ ನೋಡಬೇಕು. ಬರೆದವರ ಕಂಪ್ಯೂಟರಿನಲ್ಲಿ ಬೇಕಾದ ಪ್ಯಾಕೇಜುಗಳು (ಪೂರಕ ತಂತ್ರಾಂಶಗಳು) ಮೊದಲೇ ಇರುತ್ತವಲ್ಲ, ಬಿಟ್ಟುಹೋದ ಹಂತ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಪರೀಕ್ಷಿಸಿದ ಆವೃತ್ತಿ ಮತ್ತು ದಿನಾಂಕ ಪುಟದ ಮೇಲ್ಭಾಗದ ಟೆಂಪ್ಲೇಟಿನಲ್ಲಿರಲಿ (ಎಲ್ಲ ಪುಟಗಳಿಗೂ ಒಂದೇ ರೀತಿ ಹಾಕುವ ಸಿದ್ಧ ಚೌಕಟ್ಟು).

ಬರೆದದ್ದನ್ನು ಇತರರು ಯಾವ ಷರತ್ತಿನಲ್ಲಿ ಬಳಸಬಹುದು ಎಂದು ಹೇಳುವ ಲೈಸೆನ್ಸನ್ನು ‘ಆಮೇಲೆ ನೋಡಿಕೊಳ್ಳೋಣ’ ಎಂದು ಆ ಸಲಹೆಯಲ್ಲಿ ಹೇಳಿರುವುದಂತೂ ಅಪಾಯ. ಆಮೇಲೆ ಬದಲಿಸಲು ಬರೆದವರೆಲ್ಲರ ಒಪ್ಪಿಗೆ ಬೇಕಾಗುತ್ತದೆ. ಅಷ್ಟೊತ್ತಿಗೆ ಕೆಲವರ ಇಮೇಲ್ ವಿಳಾಸವೂ ಬದಲಾಗಿರುತ್ತದೆ. ಪಠ್ಯಕ್ಕೆ, ಬರೆದವರ ಹೆಸರು ಹೇಳಿ ಅದೇ ಷರತ್ತಿನಲ್ಲಿ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಆದ ಸಿಸಿ ಬಿವೈ-ಎಸ್‌ಎ 4.0, ಕೋಡ್ ತುಣುಕುಗಳಿಗೆ ಆ ತಂತ್ರಾಂಶದ್ದೇ ಲೈಸೆನ್ಸ್ ಎಂದು ಮೊದಲ ಸಂಪಾದನೆಗೂ ಮುಂಚೆ ಎಡಿಟ್ ಪೆಟ್ಟಿಗೆಯ ಕೆಳಗೆ ಹಾಕಿಬಿಡಿ.