ಎಚ್ಚರ! ಈ ವಾರ ಏನೂ ಆಗುವುದಿಲ್ಲ

ನವೆಂಬರ್ ಮೊದಲ ವಾರ. ಬೆಳಿಗ್ಗೆ ಆರೂವರೆಗೆ ತೀರ್ಥಹಳ್ಳಿಯಿಂದ ಚಿಕ್ಕಪ್ಪನ ಫೋನು. ಆ ಹೊತ್ತಿಗೆ ಊರಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ?

"ಟಿವಿ ನೋಡಿದ್ಯನಾ? ಗ್ರೀನ್ ಅಲರ್ಟ್ ಅಂತೆ ಮಾರಾಯ. ಕೆಂಪು ಅಕ್ಷರದಲ್ಲಿ ಹಾಕಿದಾರೆ. ಅಡಿಕೆಗೆ ಟಾರ್ಪಾಲು ಹೊದಿಸ್ಲಾ?"

ಟಿವಿ ಹಾಕಿದೆ. ಗುಡುಗಿನ ಸದ್ದು, ಮಿಂಚಿನ ಗ್ರಾಫಿಕ್ಸು, ಯಾವುದೋ ವರ್ಷದ ಪ್ರವಾಹದಲ್ಲಿ ತೇಲಿಹೋದ ಯಾರದೋ ಕಾರು. ಕೆಳಗೆ ಪಟ್ಟಿ ಓಡುತ್ತಿತ್ತು: "ರಾಜ್ಯಕ್ಕೆ ಗ್ರೀನ್ ಅಲರ್ಟ್! ಮುಂದಿನ ಏಳು ದಿನ ಏನಾಗಲಿದೆ?"

ಏನೂ ಆಗುವುದಿಲ್ಲ. ಹವಾಮಾನ ಇಲಾಖೆ ಹೇಳಿದ್ದು ಇಷ್ಟೇ: ಕರಾವಳಿ ಮತ್ತು ಉತ್ತರ ಒಳನಾಡಿನಲ್ಲಿ ಒಣಹವೆ, ದಕ್ಷಿಣ ಒಳನಾಡಿನ ಒಂದೆರಡು ಕಡೆ ಹಗುರ ಮಳೆ. ಎಚ್ಚರಿಕೆ: ಇಲ್ಲ.

ಇಲಾಖೆಯ ಹತ್ತಿರ ನಾಲ್ಕು ಬಣ್ಣಗಳಿವೆ. ಹಳದಿ ಅಂದರೆ ಗಮನ ಇಟ್ಟಿರಿ. ಕಿತ್ತಳೆ ಅಂದರೆ ತಯಾರಾಗಿ. ಕೆಂಪು ಅಂದರೆ ಇನ್ನು ಕೂತರೆ ಆಗಲ್ಲ, ಎದ್ದೇಳಿ. ಹಸಿರು ಅಂದರೆ ನಿಮ್ಮ ಪಾಡಿಗೆ ನೀವಿರಿ. ಆ ಹಸಿರಿಗೂ ನಮ್ಮವರು 'ಅಲರ್ಟ್' ಅಂತ ಬಾಲ ಕಟ್ಟಿದ್ದಾರೆ. ಪಕ್ಕದ ಮನೆಯವರು ನಡುರಾತ್ರಿ ಬಾಗಿಲು ಬಡಿದು "ನಿಮ್ಮನೆಗೆ ಕಳ್ಳ ಬಂದಿಲ್ಲ!" ಅಂತ ಕಿರುಚಿದ ಹಾಗೆ.

ಅವರ ಕಷ್ಟವೂ ಅರ್ಥವಾಗುತ್ತದೆ. ಮುಂಗಾರು ಮುಗಿದಿದೆ. ಬಂಗಾಳ ಕೊಲ್ಲಿಯಲ್ಲಿ ಹೇಳಿಕೊಳ್ಳುವಂಥ ಒಂದು ವಾಯುಭಾರ ಕುಸಿತವೂ ಇಲ್ಲ. ಚಂಡಮಾರುತಕ್ಕೆ ಹೆಸರಿಟ್ಟು ತೊಟ್ಟಿಲು ತೂಗುವ ಭಾಗ್ಯವಿಲ್ಲ. ಇಪ್ಪತ್ನಾಲ್ಕು ಗಂಟೆ ಏನಾದರೂ ತುಂಬಿಸಬೇಕಲ್ಲ!

ಹಾಗಾಗಿ ಚಳಿಯನ್ನು ಹಿಡಿದರು. "ಬೆಂಗಳೂರು ಗಡಗಡ!" ಎಷ್ಟು ಅಂತ ನೋಡಿದರೆ 18 ಡಿಗ್ರಿ. ನವೆಂಬರಿನಲ್ಲಿ ಈ ಊರಿನ ರಾತ್ರಿ ಯಾವಾಗಲೂ ಹೆಚ್ಚುಕಮ್ಮಿ ಅಷ್ಟೇ. ಬಯಲು ಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿಗೋ ಅದಕ್ಕಿಂತ ಕೆಳಗೋ ಇಳಿಯದೆ ಇಲಾಖೆ 'ಶೀತ ಅಲೆ' ಎಂಬ ಮಾತನ್ನೇ ಎತ್ತುವುದಿಲ್ಲ. ಬೆಂಗಳೂರಿನ ದಾಖಲೆ ಚಳಿ 7.8 ಡಿಗ್ರಿ, 1884ರ ಜನವರಿ 13ರಂದು. ಪಾಪ, ಅವತ್ತು ಟಿವಿ ಇರಲಿಲ್ಲ. ಜನ ಸುಮ್ನೆ ಕಂಬಳಿ ಹೊದ್ದು ಮಲಗಿರಬೇಕು.

ಕಬ್ಬನ್ ಪಾರ್ಕಿನಲ್ಲಿ ವರದಿಗಾರ ಒಬ್ಬ ಹಿರಿಯರ ಮುಂದೆ ಮೈಕು ಹಿಡಿದ.

"ಸಾರ್, ಚಳಿ ಹೇಗಿದೆ?"

"ಚೆನ್ನಾಗಿದೆಯಪ್ಪಾ."

"ನೋಡಿದ್ರಲ್ಲ ವೀಕ್ಷಕರೇ, ಚಳಿಗೆ ಜನರ ಬಾಯಲ್ಲಿ ಮಾತೇ ಹೊರಡ್ತಿಲ್ಲ!"

ಚಿಕ್ಕಪ್ಪ ಇನ್ನೂ ಲೈನಲ್ಲೇ ಇದ್ದರು. ಹಸಿರಿನ ಅರ್ಥ ಹೇಳಿದೆ. "ಏನೂ ಇಲ್ಲ ಅನ್ನೋದಕ್ಕೆ ಇಷ್ಟು ಕೂಗಬೇಕಾ?" ಅಂದವರು, ತಮಗೆ ನಿಜವಾಗಿ ಬೇಕಾಗಿದ್ದ ಪ್ರಶ್ನೆ ಕೇಳಿದರು. "ಅದಿರ್ಲಿ. ಒಂದೆರಡು ಕಡೆ ಮಳೆ ಅಂದ್ಯಲ್ಲ, ಆ ಒಂದೆರಡರಲ್ಲಿ ನಾವು ಒಂದೋ, ಎರಡೋ?"

ಇಲ್ಲಿ ನನಗೂ ಉತ್ತರ ಗೊತ್ತಿರಲಿಲ್ಲ. ಇಲಾಖೆಯ ಲೆಕ್ಕದಲ್ಲಿ 'ಒಂದೆರಡು ಕಡೆ' ಅಂದರೆ ನೂರು ಮಳೆಮಾಪನ ಕೇಂದ್ರಗಳಲ್ಲಿ 25ರವರೆಗೆ. ನಮ್ಮ ಮನೆಯಲ್ಲಿ ಒಂದೆರಡು ಚಕ್ಕುಲಿ ತಗೋ ಅಂದಾಗ 25 ಎತ್ತಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ. ಇನ್ನು ದಕ್ಷಿಣ ಒಳನಾಡು. ವರ್ಷಕ್ಕೆ 7,000 ಮಿಲಿಮೀಟರ್ ಸುರಿಯುವ ಆಗುಂಬೆಯೂ ಅದರೊಳಗೇ, 500 ದಾಟಲು ಏದುಸಿರು ಬಿಡುವ ಚಳ್ಳಕೆರೆಯೂ ಅದರೊಳಗೇ. ಎರಡಕ್ಕೂ ಸೇರಿ ಒಂದೇ ವಾಕ್ಯ. ಜಿಲ್ಲಾವಾರು ಮುನ್ಸೂಚನೆಯೂ ಇದೆ, ನಿಜ. ಆದರೆ ಅದು ಟಿವಿ ಪಟ್ಟಿಯಲ್ಲಿ ಓಡುವುದಿಲ್ಲ. ಅದಕ್ಕೆ ಗುಡುಗಿನ ಸದ್ದು ಹೊಂದುವುದಿಲ್ಲವಲ್ಲ.

'ಹಗುರ ಮಳೆ'ಯೂ ಹಾಗೇ. ಕಾಗದದಲ್ಲಿ ಅದು 15.5 ಮಿಲಿಮೀಟರ್ ತನಕ ಹಗುರ. ಸುಲಿದು, ಬೇಯಿಸಿ, ಬಣ್ಣಕ್ಕೆ ಚೊಗರು ಹಾಕಿ ಅಂಗಳದಲ್ಲಿ ಹರಡಿದ ಅಡಿಕೆಗೆ ಹತ್ತು ನಿಮಿಷದ ಹನಿ ಸಾಕು. ಬೂಸ್ಟು ಹಿಡಿದರೆ ಮಂಡಿಯಲ್ಲಿ ಯಾರೂ "ಹಗುರ ಮಳೆ ತಾನೇ" ಅಂತ ರೇಟು ಬಿಡುವುದಿಲ್ಲ.

ಎಲ್ಲಿ ಬೀಳುತ್ತದೋ ಗೊತ್ತಾಗದ ಚಿತ್ತಾ ನಕ್ಷತ್ರದ ಮಳೆಗೆ ಊರಿನವರು 'ಕುರುಡು ಚಿತ್ತೆ ಎರಚಿದತ್ತ ಬೆಳೆ' ಅಂತ ಎಂದೋ ಹೇಳಿಟ್ಟಿದ್ದಾರೆ. ಕುರುಡು ಅಂತ ಮೊದಲೇ ಒಪ್ಪಿಕೊಂಡ ಮುನ್ಸೂಚನೆ ಇದೊಂದೇ ಇರಬೇಕು.

ಈ ಒಣಹವೆಯಿಂದ ನಿಜವಾಗಿ ಸಂಕಟಕ್ಕೆ ಸಿಕ್ಕವರು ಬೆಂಗಳೂರಿನ ಗುಂಡಿ ಇಲಾಖೆಯವರು. ಜೂನಿನಿಂದಲೂ "ಮಳೆ ನಿಲ್ಲಲಿ, ಮುಚ್ಚುತ್ತೇವೆ" ಅಂತಿದ್ದರು. ನಿಂತೇ ಬಿಟ್ಟಿತು! ಇದ್ದ ಒಂದು ಪಾಲಿಕೆ ಈಗ ಐದಾಗಿದೆ, ಆದರೆ ನೆಪ ಐದಕ್ಕೂ ಸೇರಿ ಒಂದೇ ಇತ್ತು. ಅದೂ ಕೈಕೊಟ್ಟಿತು. ಅವರಿಗೆ ಮಾತ್ರ ರೆಡ್ ಅಲರ್ಟ್ ಕೊಡಬಹುದಿತ್ತು.

ಮರುದಿನ ಸಂಜೆ ನಾನೇ ಊರಿಗೆ ಫೋನ್ ಮಾಡಿದೆ.

"ಮಳೆ ಬಂತಾ ಚಿಕ್ಕಪ್ಪ?"

"ಇಲ್ಲ. ರಣ ಬಿಸಿಲು. ಆದ್ರೂ ಈಗ ಟಾರ್ಪಾಲು ಹೊದಿಸಿ ಬಂದೆ."

"ಯಾಕೆ? ಗ್ರೀನ್ ಅಂದ್ರೆ ಏನೂ ಇಲ್ಲ ಅಂತ ಹೇಳಿದ್ನಲ್ಲ!"

"ಅದಕ್ಕಲ್ಲ ಮಾರಾಯ. ಇವತ್ತು ಬೆಳಿಗ್ಗೆಯಿಂದ ಟಿವಿಯವ್ರು ಹವಾಮಾನದ ಸುದ್ದಿನೇ ಎತ್ತಿಲ್ಲ. ಅದು ನೋಡಿ ಭಯ ಆಯ್ತು."