ಇರಾನ್‌ಗೆ ಸಿಕ್ಕ ಆ ‘ಕೋಟಿ ಕೋಟಿ ಡಾಲರ್’ ಬಗ್ಗೆ ಸ್ವಲ್ಪ ಸಿಟ್ಟಿನಿಂದ

ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಎಲೆಯಡಿಕೆ ಹಾಕುತ್ತಾ ಕೂತವರ ಎದುರು ಟಿವಿ. ವಿಮಾನದ ಬಾಗಿಲಿನಿಂದ ಡಾಲರ್ ಕಂತೆ ಸುರಿಯುವ ಗ್ರಾಫಿಕ್ಸು, ಬೆಂಕಿ ಹತ್ತಿದ ಅಕ್ಷರ, ಹಿಂದೆ ಢಂ ಢಂ ಸಂಗೀತ. ಇರಾನ್ ತನ್ನ ಅಣು ಕೆಲಸಕ್ಕೆ ಮಿತಿ ಹಾಕಿಕೊಳ್ಳಬೇಕು, ಬದಲಿಗೆ ಅದರ ವ್ಯಾಪಾರ, ಬ್ಯಾಂಕಿನ ಮೇಲೆ ಹಾಕಿದ್ದ ನಿರ್ಬಂಧ ತೆಗೆಯಬೇಕು ಅಂತ 2015ರಲ್ಲಿ ಆದ ಅಣು ಒಪ್ಪಂದದ ಅವಧಿ 2025ರ ಅಕ್ಟೋಬರ್ 18ಕ್ಕೆ ಮುಗಿಯಿತಲ್ವಾ, ಅದರ ಶ್ರಾದ್ಧದ ಕಾರ್ಯಕ್ರಮ. 2015ರಲ್ಲಿ ಒಬಾಮಾ ಇರಾನ್‌ಗೆ 150 ಬಿಲಿಯನ್ ಡಾಲರ್ ‘ಕೊಟ್ಟರು’ ಅಂತ ಆಂಕರ್ ಮಹಾಶಯ ಕಿರುಚುತ್ತಿದ್ದ. ಭಾವ ನನ್ನ ಕಡೆ ತಿರುಗಿ, “ಅಲ್ಲ ಮಾರಾಯ, ಅಷ್ಟು ದುಡ್ಡು ಬಂದೂ ಉದ್ಧಾರ ಆಗಲಿಲ್ಲ ಅಂದ್ರೆ ಎಂತ ಜನ ಅವರು?” ಅಂದರು.

“ಭಾವ, ಅದು ಅವರದ್ದೇ ದುಡ್ಡು” ಅಂದೆ.

“ಯಾರದ್ದಾದರೇನು, ಸಿಕ್ಕಿತಲ್ಲ?”

ಹಬ್ಬದ ದಿನ. ಅಕ್ಕ ಕಣ್ಣು ದೊಡ್ಡದು ಮಾಡಿದಳು. ಬಾಯಿ ಮುಚ್ಚಿಕೊಂಡೆ. ಆವತ್ತು ನುಂಗಿಕೊಂಡದ್ದನ್ನೆಲ್ಲ ಈಗ ಇಲ್ಲಿ ಕಕ್ಕುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಸಿಗಲಿಲ್ಲ ಭಾವ. ಪೂರ್ತಿ ಸಿಗಲೇ ಇಲ್ಲ. ನಾನು ಹೇಳಬೇಕಾದ್ದು ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಆ ದುಡ್ಡು ಇರಾನ್ ತೈಲ ಮಾರಿ ಗಳಿಸಿದ್ದು. ಚೀನಾ, ಜಪಾನ್, ಕೊರಿಯಾ, ಭಾರತ, ಹೀಗೆ ಕೊಂಡವರ ಬ್ಯಾಂಕುಗಳಲ್ಲೇ ನಿರ್ಬಂಧದಿಂದಾಗಿ ಕೊಳೆಯುತ್ತಿತ್ತು. ಅದರಲ್ಲಿ ಕೈಗೆ ಹತ್ತುವಂಥದ್ದು 50 ಬಿಲಿಯನ್‌ಗಿಂತ ಸ್ವಲ್ಪ ಜಾಸ್ತಿ ಅಂತ ಅಮೆರಿಕದ ಖಜಾನೆ ಇಲಾಖೆಯೇ ಆಗ ಅಂದಾಜು ಮಾಡಿತ್ತು. ಉಳಿದದ್ದು ಸಾಲಕ್ಕೆ, ಹಳೆ ಬಾಕಿಗೆ ಸಿಕ್ಕಿಹಾಕಿಕೊಂಡಿತ್ತು. ನಾವೇನು ಸಾಚಾ ಅಲ್ಲ. ಭಾರತದ ತೈಲ ಕಂಪನಿಗಳು ಇರಾನ್‌ಗೆ ಕೊಡಬೇಕಿದ್ದ ಬಾಕಿಯೇ 6 ಬಿಲಿಯನ್ ಡಾಲರ್ ದಾಟಿತ್ತು, ಅದರಲ್ಲಿ ನಮ್ಮ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ನ ಪಾಲೂ ಇತ್ತು. ಕೊಡಲು ಮನಸ್ಸಿಲ್ಲದೆ ಅಲ್ಲ. ಕಳಿಸಲು ದಾರಿಯೇ ಇರಲಿಲ್ಲ. ಅರ್ಧಕ್ಕೂ ಸ್ವಲ್ಪ ಕಡಿಮೆ ಭಾಗವನ್ನು ರೂಪಾಯಿಯಲ್ಲಿ ಕೋಲ್ಕತ್ತದ ಯೂಕೋ ಬ್ಯಾಂಕಿನಲ್ಲಿ ಇಡುವುದು, ಆ ರೂಪಾಯಿಯಲ್ಲಿ ಇರಾನ್ ನಮ್ಮಿಂದ ಬಾಸ್ಮತಿ, ಚಹಾ, ಔಷಧಿ ಕೊಳ್ಳುವುದು ಅಂತ 2012ರಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ನಮ್ಮ ಪಣಂಬೂರಿನ ಪಕ್ಕ ಇಳಿದ ಕಚ್ಚಾತೈಲಕ್ಕೆ ಪಂಜಾಬಿನ ಅಕ್ಕಿ ಬೆಲೆ. ಟಿವಿಯವರಿಗೆ ಇದರ ಗ್ರಾಫಿಕ್ಸ್ ಮಾಡಲು ಬರುವುದಿಲ್ಲ, ಪಾಪ.

ಇನ್ನು ಆ ವಿಮಾನ. ವಿಮಾನ ಹೋಗಿದ್ದು ನಿಜ. 2016ರ ಜನವರಿಯಲ್ಲಿ 400 ಮಿಲಿಯನ್ ಡಾಲರ್ ಮೌಲ್ಯದ ನೋಟು. ಹಿಂದಿನ ರಾಜ ಶಾ ಕಾಲದಲ್ಲಿ ಇರಾನ್ ಅಮೆರಿಕಕ್ಕೆ ಶಸ್ತ್ರಾಸ್ತ್ರಕ್ಕಾಗಿ ಮುಂಗಡ ಕೊಟ್ಟಿತ್ತು. 1979ರಲ್ಲಿ ಕ್ರಾಂತಿ ಆಯಿತು, ಮಾಲು ಹೋಗಲಿಲ್ಲ, ದುಡ್ಡೂ ವಾಪಸ್ ಹೋಗಲಿಲ್ಲ. ಬಡ್ಡಿ ಸೇರಿಸಿ 1.7 ಬಿಲಿಯನ್‌ಗೆ ರಾಜಿ ಆಯಿತು, ಅದರ ಮೊದಲ ಕಂತು ಇದು. ಇರಾನ್ ಹಿಡಿದಿಟ್ಟಿದ್ದ ಅಮೆರಿಕದ ಕೈದಿಗಳ ಬಿಡುಗಡೆಯ ಹೊತ್ತಿಗೇ ಕೊಟ್ಟಿದ್ದರಿಂದ ಗಲಾಟೆಯೂ ಆಯಿತು. ಆದರೆ ನೋಟು ಯೂರೋ, ಸ್ವಿಸ್ ಫ್ರಾಂಕ್ ಇತ್ಯಾದಿ, ಡಾಲರ್ ಅಲ್ಲ. ಯಾಕೆ ನಗದು? ಯಾಕೆ ಡಾಲರ್ ಅಲ್ಲ? ಇದನ್ನು ಯಾರಾದರೂ ಕೇಳಿದರಾ? ಅಮೆರಿಕ ಸರ್ಕಾರಕ್ಕೇ ಇರಾನ್‌ಗೆ ಬ್ಯಾಂಕಿನ ಮೂಲಕ ದುಡ್ಡು ಕಳಿಸಲು ಆಗದಂಥ ಪರಿಸ್ಥಿತಿ ಇತ್ತು ಅಂತ ಒಬಾಮಾ ಅವರೇ ಹೇಳಿದರು ಸ್ವಾಮೀ! ನಿರ್ಬಂಧ ತೆಗೆದ ಆ ವಾರದಲ್ಲೇ! ಅಷ್ಟು ದೊಡ್ಡ ಸುಳಿವು ಕಣ್ಣೆದುರಿಗಿದ್ದರೂ ನಮ್ಮವರಿಗೆ ಕಂಡಿದ್ದು ಬರೀ ಕಂತೆ.

ನಾನು ದುಬೈಯ ದೇರಾ ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಅರ್ಬಾಬ್‌ನ, ಅಂದರೆ ಧಣಿಯ, ಹಿರಿಯರು ಇರಾನಿನ ಬಸ್ತಕ್ ಕಡೆಯಿಂದ ಬಂದವರು. ದುಬೈಯ ಬಸ್ತಕಿಯಾ ಕೇರಿಗೆ ಹೆಸರು ಬಂದದ್ದೂ ಅದೇ ಊರಿಂದ. ಊರೊಳಗೆ ಚಾಚಿದ ಸಮುದ್ರದ ಹಿನ್ನೀರು ಕ್ರೀಕ್, ಅದರ ದಂಡೆಯಲ್ಲಿ ಫ್ರಿಜ್ಜು, ಟೈರು, ಎಸಿ, ಬಟ್ಟೆಯ ಬೇಲುಗಳು ಬಯಲಲ್ಲೇ ರಾಶಿ ಬಿದ್ದಿರುತ್ತಿದ್ದವು. ಮರದ ಲಾಂಚ್‌ಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತಿದ್ದವು. ಒಂದರ ಮೇಲಿಂದ ಇನ್ನೊಂದಕ್ಕೆ ದಾಟಿ ಸಾಮಾನು ಹೊರಬೇಕು. ಹೋಗುವುದು ಇರಾನಿನ ಬಂದರ್ ಅಬ್ಬಾಸ್, ಲಿಂಗೆ, ಕೆಶ್ಮ್ ದ್ವೀಪಕ್ಕೆ. ಇರಾನ್‌ಗೆ ಜಗತ್ತು ಬಾಗಿಲು ಹಾಕಿದಷ್ಟೂ ಆ ದಂಡೆಯಲ್ಲಿ ಕೆಲಸ ಜಾಸ್ತಿ.

2016ರ ಜನವರಿ 16ರಂದು ನಿರ್ಬಂಧ ತೆಗೆದರು. ಅರ್ಬಾಬ್ ಇಸ್ಫಹಾನಿನ ಗಜ್ ಮಿಠಾಯಿ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಪಿಸ್ತಾ ಹಾಕಿದ್ದು, ಮೇಲೆ ಹಿಟ್ಟು ಉದುರಿಸಿದ್ದು, ತಿಂದರೆ ಅಂಗಿಯೆಲ್ಲ ಬಿಳಿ. ಇನ್ನು ಎಲ್ಲ ಸಲೀಸು ಅಂದರು. ಆ ಬೇಸಿಗೆಗೆ ಶಿರಾಜ್‌ನ ಒಂದು ಪಾರ್ಟಿಗೆ ಜರ್ಮನಿಯ ನೀರಿನ ಪಂಪು ತರಿಸುವ ಆರ್ಡರ್ ಬಂತು. ತೋಟಕ್ಕೆ ನೀರು ಹಾಯಿಸುವ ಪಂಪು ಮಾರಾಯ್ರೆ, ಯುರೇನಿಯಂ ಹದ ಮಾಡುವ ಸೆಂಟ್ರಿಫ್ಯೂಜ್ ಅಲ್ಲ. ಎಲ್‌ಸಿ, ಅಂದರೆ ಮಾರುವವನಿಗೆ ದುಡ್ಡು ಕೊಡುವ ಬ್ಯಾಂಕಿನ ಖಾತರಿ ಪತ್ರ, ತೆರೆಯಲು ನಮ್ಮ ಬ್ಯಾಂಕಿಗೆ ಹೋದೆ. ಕೊನೆಗೆ ಮಾಲು ಯಾರ ಕೈಗೆ ಹೋಗುತ್ತದೆ ಅಂತ ಕೇಳಿದರು. ಬರೆದುಕೊಟ್ಟೆವು. ಆ ಕಂಪನಿಯ ಪಾಲುದಾರರು ಯಾರು ಅಂದರು. ತರಿಸಿಕೊಟ್ಟೆವು. ಪಾಲುದಾರರ ಪಾಲುದಾರರು? ಹಡಗಿನ ಹಿಂದಿನ ಹೆಸರು? ತಿಂಗಳುಗಟ್ಟಲೆ ಇದೇ ಆಟ. ಕೊನೆಗೆ ಕೌಂಟರಿನ ಹುಡುಗ, ಕೇರಳದವನು, ದನಿ ತಗ್ಗಿಸಿ ಹೇಳಿದ: “ಸಾರ್, ಕಾನೂನಿನಲ್ಲಿ ತಪ್ಪೇನಿಲ್ಲ. ಆದ್ರೆ ಪೇಪರಿನಲ್ಲಿ ಇರಾನ್ ಅಂತ ಇದ್ರೆ ಮೇಲಿನವರು ಸೈನ್ ಹಾಕಲ್ಲ.” ಅಷ್ಟೇ. ವಿಯೆನ್ನಾದಲ್ಲಿ ಏಳು ದೇಶಗಳ ಮಂತ್ರಿಗಳು ಜುಲೈ ಸೆಕೆಯಲ್ಲಿ ಕೂತು ಮಾಡಿದ ಒಪ್ಪಂದದ ಗತಿ ದೇರಾದ ಆ ಕೌಂಟರಿನಲ್ಲಿ ಇಷ್ಟು.

ಬ್ಯಾಂಕಿನವರನ್ನು ಬೈದು ಏನು ಮಾಡುವುದು? ಇರಾನ್, ಸೂಡಾನ್, ಕ್ಯೂಬಾ ಜತೆ ವ್ಯವಹಾರ ಮಾಡಿದ್ದಕ್ಕೆ ಬಿಎನ್‌ಪಿ ಪರಿಬಾ ಅನ್ನುವ ಫ್ರೆಂಚ್ ಬ್ಯಾಂಕಿಗೆ 2014ರಲ್ಲಿ ಅಮೆರಿಕ ಸುಮಾರು 8.9 ಬಿಲಿಯನ್ ಡಾಲರ್ ದಂಡ ಜಡಿದಿತ್ತು. ಅದನ್ನು ನೋಡಿದವರು ಒಂದು ಪಂಪಿಗೆ ಸೈನ್ ಹಾಕುತ್ತಾರಾ? ಅಮೆರಿಕ ತೆಗೆದದ್ದು ಬೇರೆ ದೇಶದವರು ಇರಾನ್ ಜತೆ ವ್ಯವಹಾರ ಮಾಡದಂತೆ ಹಾಕಿದ್ದ ಅಣು ಸಂಬಂಧದ ನಿರ್ಬಂಧ ಮಾತ್ರ. ಅಮೆರಿಕದ ಬ್ಯಾಂಕುಗಳು ಇರಾನ್ ಜತೆ ವ್ಯವಹಾರ ಮಾಡಬಾರದು ಅನ್ನುವ ಹಳೆಯ ನಿಷೇಧ ಹಾಗೇ ಇತ್ತು. ಬ್ಯಾಂಕಿಂದ ಬ್ಯಾಂಕಿಗೆ ಹೋಗುವ ಡಾಲರ್ ಸಾಮಾನ್ಯವಾಗಿ ನ್ಯೂಯಾರ್ಕಿನ ಬ್ಯಾಂಕು ಮುಟ್ಟದೆ ಓಡಾಡುವುದಿಲ್ಲ. ತಮಾಷೆ ಕೇಳಿ: 2016ರ ಮೇ ತಿಂಗಳಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಜಾನ್ ಕೆರಿ ಲಂಡನ್‌ಗೆ ಹೋಗಿ ಯುರೋಪಿನ ಬ್ಯಾಂಕಿನವರನ್ನು ಕೂರಿಸಿಕೊಂಡು, ಇರಾನ್ ಜತೆ ನ್ಯಾಯವಾದ ವ್ಯಾಪಾರ ಮಾಡಿ, ಹೆದರಬೇಡಿ ಅಂದರು. ಎಚ್‌ಎಸ್‌ಬಿಸಿಯ ಕಾನೂನು ಮುಖ್ಯಸ್ಥ ಸ್ಟುವರ್ಟ್ ಲೆವಿ, ನಾವು ಮಾಡುವುದಿಲ್ಲ ಅಂತ ಪತ್ರಿಕೆಯಲ್ಲೇ ಬರೆದರು. ಈ ಲೆವಿ ಯಾರು ಗೊತ್ತಾ? ಅದಕ್ಕೂ ಮೊದಲು ಅಮೆರಿಕದ ಖಜಾನೆ ಇಲಾಖೆಯಲ್ಲಿ ಕೂತು ಇರಾನ್ ಮೇಲಿನ ಆ ನಿರ್ಬಂಧಗಳನ್ನು ಹೆಣೆದ ಅಧಿಕಾರಿ!

ದೊಡ್ಡವರ ಕಥೆಯೂ ಇದೇ. ಏರ್‌ಬಸ್‌ಗೆ ನೂರು ವಿಮಾನದ ಆರ್ಡರ್, ಇರಾನ್‌ಗೆ ಬಂದಿಳಿದದ್ದು ಮೂರು. ಬೋಯಿಂಗ್ 80, ಬಂದದ್ದು ಸೊನ್ನೆ. ಫ್ರಾನ್ಸಿನ ತೈಲ ಕಂಪನಿ ಟೋಟಲ್ 2017ರಲ್ಲಿ ಇರಾನಿನ ದಕ್ಷಿಣ ಪಾರ್ಸ್ ಅನಿಲ ಕ್ಷೇತ್ರಕ್ಕೆ ಬಂತು, 2018ರಲ್ಲಿ ಗಂಟು ಕಟ್ಟಿತು. ಪೂಜೋ ಕಾರಿನವರೂ ಹೊರಟರು.

ಹಾಗಂತ ಏನೂ ಲಾಭ ಆಗಲಿಲ್ಲ ಅಂತಲ್ಲ. ದಿನಕ್ಕೆ 11 ಲಕ್ಷ ಬ್ಯಾರೆಲ್ ಆಸುಪಾಸಿನಲ್ಲಿದ್ದ ಕಚ್ಚಾತೈಲದ ರಫ್ತು 2018ರ ಹೊತ್ತಿಗೆ 25 ಲಕ್ಷ ಮುಟ್ಟಿತು. 2016-17ರಲ್ಲಿ ಆರ್ಥಿಕತೆ ಶೇ 12ಕ್ಕೂ ಮೇಲೆ ಬೆಳೆಯಿತು. ಬೆಲೆಯೇರಿಕೆ ಒಂದಂಕಿಗೆ ಇಳಿಯಿತು. ಕೇಳಲು ಭಾರಿ ಚೆಂದ. ಆದರೆ ತೈಲ ಬಿಟ್ಟು ಲೆಕ್ಕ ಹಾಕಿದರೆ ಆ ಬೆಳವಣಿಗೆ ಶೇ 3ರ ಸುತ್ತಮುತ್ತ. ತೈಲದ ದುಡ್ಡು ಸರ್ಕಾರದ ಖಜಾನೆಗೆ ಬರುತ್ತದೆ, ಇರಾನಿನ ಮಶ್ಹದ್ ನಗರದಲ್ಲಿ ಕೆಲಸ ಹುಡುಕುವ ಹುಡುಗನ ಜೇಬಿಗೆ ಬರುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಬೆಲೆಯೇರಿಕೆ, ನಿರುದ್ಯೋಗ ಅಂತ ಜನ ಬೀದಿಗಿಳಿದದ್ದು ಮಶ್ಹದ್‌ನಲ್ಲೇ. ಟ್ರಂಪ್ ಒಪ್ಪಂದ ಹರಿದು, ಅಮೆರಿಕದ ನಿರ್ಬಂಧ ವಾಪಸ್ ಅಂತ ಹೇಳಿದ್ದು 2018ರ ಮೇ 8ಕ್ಕೆ. ದಿನಾಂಕ ನೋಡಿ. ಹರಿಯುವ ಮೊದಲೇ ಜನ ಸುಸ್ತಾಗಿದ್ದರು.

“ದುಡ್ಡೆಲ್ಲ ಸಿರಿಯಾಕ್ಕೆ, ಲೆಬನಾನಿನ ಹೆಜ್ಬೊಲ್ಲಾಗೆ, ಯೆಮನ್ನಿನ ಹೂಥಿಗಳಿಗೆ ಹೋಯಿತು” ಅಂತ ಬರೆಯಲು ಕೆಲವರ ಬೆರಳು ತುರಿಸುತ್ತಿರುತ್ತದೆ. ಹೋಗಿರಬಹುದು, ಒಂದಷ್ಟು. ಇರಾನಿನ ಬಲಾಢ್ಯ ಸೇನಾಪಡೆ ರೆವಲ್ಯೂಷನರಿ ಗಾರ್ಡ್‌ನವರು ದೇವಸ್ಥಾನದ ಹುಂಡಿಗೆ ಹಾಕಿರುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಇರಾನ್ ಸಿರಿಯಾದಲ್ಲಿ ಆಗಿನ ಅಧ್ಯಕ್ಷ ಅಸಾದ್ ಬೆನ್ನಿಗೆ ನಿಂತದ್ದು ನಿರ್ಬಂಧ ಅತಿ ಬಿಗಿಯಾಗಿದ್ದ 2012-13ರಲ್ಲೇ. ಹೂಥಿಗಳು ಯೆಮನ್ ರಾಜಧಾನಿ ಸನಾ ಹಿಡಿದದ್ದು 2014ರಲ್ಲಿ. ದುಡ್ಡಿಲ್ಲದಾಗಲೂ ಅದು ನಿಂತಿರಲಿಲ್ಲ. ಇನ್ನೊಂದು ವಿಷಯ ಆ ಪಂಡಿತರು ಹೇಳುವುದೇ ಇಲ್ಲ. ಮುಂಬಾಗಿಲು ಮುಚ್ಚಿದರೆ ಹಿಂಬಾಗಿಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಅದೇ ಗಾರ್ಡ್‌ನವರ ಹತ್ತಿರ. ನಿರ್ಬಂಧದಿಂದ ಸೊರಗಿದ್ದು ನೇರವಾಗಿ ಎಲ್‌ಸಿ ತೆರೆದು ಪಂಪು ತರಿಸುವ ಶಿರಾಜ್‌ನ ವ್ಯಾಪಾರಿ. ಕೊಬ್ಬಿದ್ದು ಬಾಬಕ್ ಜಂಜಾನಿಯಂಥವರು, ಸರ್ಕಾರದ ತೈಲವನ್ನು ಕದ್ದುಮುಚ್ಚಿ ಮಾರಿಕೊಡುತ್ತೇನೆ ಅಂತ ಹೊರಟು ಸರ್ಕಾರಕ್ಕೇ ಬಿಲಿಯನ್‌ಗಟ್ಟಲೆ ಟೋಪಿ ಹಾಕಿದವರು. ಟರ್ಕಿಯಲ್ಲಿ ರೆಜಾ ಜರಾಬ್ ಅಂತ ಒಬ್ಬ, ತೈಲ-ಅನಿಲದ ದುಡ್ಡನ್ನು ಚಿನ್ನ ಮಾಡಿ ದುಬೈ ದಾರಿಯಲ್ಲಿ ಸಾಗಿಸಿದ.

ಈಗ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಮನೆಯ ಮೇಲಂತಸ್ತು ಎದ್ದದ್ದು ಆ ನಿರ್ಬಂಧದ ದುಡ್ಡಿನಲ್ಲಿ. ಇರಾನ್‌ಗೆ ನೇರವಾಗಿ ಮಾಲು ಹೋಗುವಂತಿದ್ದರೆ ದೇರಾದ ನಮ್ಮ ಅಂಗಡಿಗೆ ಏನು ಕೆಲಸ? ಮಧ್ಯದಲ್ಲಿ ನಾವಿದ್ದೆವು, ನಮ್ಮ ಪಾಲು ಸೇರಿಯೇ ಫ್ರಿಜ್ಜಿನ ಬೆಲೆ ಏರುತ್ತಿತ್ತು, ಆ ಏರಿದ ಬೆಲೆ ಕೊಡುತ್ತಿದ್ದದ್ದು ಬಂದರ್ ಅಬ್ಬಾಸಿನ ಯಾವುದೋ ಸಂಸಾರ. ಅರ್ಬಾಬ್ ಗಜ್ ಹಂಚಿದ ದಿನ ನಾನು ಒಳಗೊಳಗೇ ಕೆಲಸ ಹೋಗುತ್ತದೆ ಅಂತ ಹೆದರಿದ್ದೆ. ಬ್ಯಾಂಕು ಪಂಪಿನ ಕಾಗದ ವಾಪಸ್ ಕೊಟ್ಟಾಗ ಬೇಜಾರಾಯಿತು ಅಂದರೆ ಸುಳ್ಳು. ಅಬುಧಾಬಿಯ ದೊಡ್ಡವರು ಒಪ್ಪಂದ ಅಪಾಯ ಅಂತ ಮುಖ ಸಿಂಡರಿಸುತ್ತಿದ್ದರು, ದುಬೈಯ ಕ್ರೀಕ್ ದಿರ್ಹಮ್ ಎಣಿಸುತ್ತಿತ್ತು. ನಾನು ಎಣಿಸುವವರ ಕಡೆ ಇದ್ದೆ.

ಔಷಧಿಯ ಕಥೆ ಇನ್ನೂ ಕೆಟ್ಟದ್ದು. ಔಷಧಿಗೆ, ಆಹಾರಕ್ಕೆ ಯಾವತ್ತೂ ನಿರ್ಬಂಧವೇ ಇಲ್ಲ ಅಂತ ಅಮೆರಿಕದವರು ಎದೆ ತಟ್ಟಿ ಹೇಳುತ್ತಾರೆ. ಕಾಗದದಲ್ಲಿ ಇಲ್ಲ, ಸರಿ. ಆದರೆ 2018ರ ನಂತರ ಸ್ವೀಡನ್ನಿನ ಒಂದು ಕಂಪನಿ ಇರಾನ್‌ಗೆ ವಿಶೇಷ ಗಾಯದ ಪಟ್ಟಿ ಕಳಿಸುವುದನ್ನು ನಿಲ್ಲಿಸಿತು. ಮುಟ್ಟಿದರೆ ಚರ್ಮ ಬೊಬ್ಬೆ ಎದ್ದು ಕಿತ್ತುಬರುವ ಕಾಯಿಲೆಯ ಮಕ್ಕಳಿಗೆ ಅದೇ ಪಟ್ಟಿ ಬೇಕು. ಆ ಪಟ್ಟಿಯನ್ನು ಯಾರೂ ನಿಷೇಧಿಸಿರಲಿಲ್ಲ. ಮತ್ತೆ ಅದೇ, ಮೇಲಿನವರು ಸೈನ್ ಹಾಕಲ್ಲ.

ಯುರೋಪಿನವರು ಏನೋ ಮಾಡುತ್ತೇವೆ ಅಂತ 2019ರ ಜನವರಿಯಲ್ಲಿ ಇನ್‌ಸ್ಟೆಕ್ಸ್ ಅಂತ ಒಂದು ಸಂಸ್ಥೆ ಹುಟ್ಟಿಸಿದರು. ಡಾಲರ್ ಮುಟ್ಟದೆ ವ್ಯಾಪಾರ ಮಾಡುವ ದಾರಿಯಂತೆ. ಮೊದಲ ವ್ಯವಹಾರ ಮುಗಿಯಲು ವರ್ಷದ ಮೇಲಾಯಿತು, 2023ರಲ್ಲಿ ಅಂಗಡಿಯೇ ಬಂದ್. ನಾವೂ ಏನು ಕಡಿಮೆ? 2019ರ ಮೇ ತಿಂಗಳಿಂದ ಇರಾನಿನ ತೈಲ ತರುವುದನ್ನು ಬಿಟ್ಟೆವು. 60 ದಿನದ ಸಾಲ ಕೊಟ್ಟು, ಸಾಗಣೆ ಖರ್ಚಲ್ಲೂ ರಿಯಾಯಿತಿ ಕೊಡುತ್ತಿದ್ದ ವ್ಯಾಪಾರಿಯನ್ನು ಕೈಬಿಟ್ಟು ಬೇರೆ ಕಡೆ ಹೋದೆವು. ಅತ್ತ ಯೂಕೋ ಬ್ಯಾಂಕಿನಲ್ಲಿದ್ದ ರೂಪಾಯಿ ಕರಗುತ್ತಾ ಬಂತು, ಬಾಸ್ಮತಿ ಕಳಿಸಿದವರು ದುಡ್ಡಿಗಾಗಿ ಕಾದರು.

ಒಪ್ಪಂದ ಬೇರೆ, ದುಡ್ಡು ಬೇರೆ ಅನ್ನುವುದು ನಮ್ಮ ಕರಾವಳಿಯವರಿಗಾದರೂ ಗೊತ್ತಿರಬೇಕಿತ್ತು. ಕುದುರೆಮುಖದ ಗಣಿ ಶುರುವಾದದ್ದೇ ಶಾ ಕಾಲದ ಇರಾನಿನ ಸಾಲದ ಮಾತಿನ ಮೇಲೆ. 1975ರಲ್ಲಿ ಒಪ್ಪಂದ, 630 ಮಿಲಿಯನ್ ಡಾಲರ್ ಸಾಲ, ಅದಿರೆಲ್ಲ ಅವರಿಗೇ. ಕ್ರಾಂತಿ ಆಯಿತು, ಸಾಲ ಅರ್ಧಕ್ಕೇ ನಿಂತಿತು, ಕೊಳ್ಳುವವನೂ ಇಲ್ಲ. ಬೆಟ್ಟದಿಂದ ಮಂಗಳೂರಿಗೆ ಕೊಳವೆ ಎಳೆದು ಕೂತವರು ಬೇರೆ ಗಿರಾಕಿ ಹುಡುಕಬೇಕಾಯಿತು. ಭಾವನ ಪರಿಚಯದವರೇ ಅಲ್ಲಿ ಕೆಲಸ ಮಾಡಿದವರಿದ್ದಾರೆ.

ಒಪ್ಪಂದದ ಇನ್ನೊಂದು ತುದಿ ಏನಾಯಿತು ಅಂದರೆ: ಶೇ 3.67ಕ್ಕಿಂತ ಮೇಲೆ ಯುರೇನಿಯಂ ಸಂವರ್ಧನೆ (ಇಂಧನಕ್ಕೆ, ಇನ್ನೂ ಮೇಲೇರಿದರೆ ಬಾಂಬಿಗೆ ಆಗುವಂತೆ ಹದ ಮಾಡುವುದು) ಮಾಡುವುದಿಲ್ಲ, 300 ಕಿಲೋಗಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ ಅಂತ ಒಪ್ಪಿಕೊಂಡಿದ್ದ ದೇಶ, ಅಮೆರಿಕ ಹೊರನಡೆದು ಒಂದು ವರ್ಷ ಕಾದು, ಆಮೇಲೆ ಒಂದೊಂದೇ ಮಿತಿ ಮುರಿಯಿತು. 2021ರಲ್ಲಿ ಶೇ 60 ಮುಟ್ಟಿತು. 2025ರ ಜೂನ್‌ನಲ್ಲಿ ಇಸ್ರೇಲ್ ಬಾಂಬ್ ಹಾಕುವ ಹೊತ್ತಿಗೆ ಶೇ 60ರದ್ದೇ 440 ಕಿಲೋ ಇತ್ತು. ಆ ಯುದ್ಧದಲ್ಲಿ ಗೌರಿಬಿದನೂರಿನ ಹತ್ತಿರದ ಅಲಿಪುರದ ಮಕ್ಕಳು ಇರಾನಿನಲ್ಲಿ ಸಿಕ್ಕಿಬಿದ್ದಿದ್ದರು, ನೆನಪಿದೆಯಲ್ಲ? ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ನಿರ್ಬಂಧಗಳೂ ವಾಪಸ್ ಬಂದವು. ಒಪ್ಪಂದದ ಕಾಲದಲ್ಲಿ ಡಾಲರಿಗೆ ಮೂವತ್ತು ಸಾವಿರ ಚಿಲ್ಲರೆ ಇದ್ದ ಇರಾನಿನ ರಿಯಾಲ್ 2025ರಲ್ಲಿ ಹತ್ತು ಲಕ್ಷ ದಾಟಿತು.

ಕೊನೆಗೆ ಇರಾನಿನ ಚಾಬಹಾರ್ ಬಂದರು. ಇದನ್ನು ಹೇಳದಿದ್ದರೆ, ಭಾರತ ಅಲ್ಲಿ ಬಂದರು ಕಟ್ಟಿಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. 2016ರ ಮೇ ತಿಂಗಳಲ್ಲಿ ಟೆಹರಾನ್‌ನಲ್ಲಿ ಮೋದಿ, ಇರಾನಿನ ಆಗಿನ ಅಧ್ಯಕ್ಷ ರೂಹಾನಿ, ಅಫ್ಗಾನಿಸ್ತಾನದ ಘನಿ ಮೂವರೂ ಕೂತು ಒಪ್ಪಂದ ಮಾಡಿಕೊಂಡರು. ಅದಕ್ಕೆ ಅಮೆರಿಕದ ವಿಶೇಷ ರಿಯಾಯಿತಿಯೂ ಆಮೇಲೆ ಸಿಕ್ಕಿತು. ಆದರೂ ಅಲ್ಲಿಗೆ ನಾವು ಮೊದಲ ಎರಡು ಕ್ರೇನ್ ಕಳಿಸಿದ್ದು 2021ರ ಜನವರಿಯಲ್ಲಿ, ಇಟಲಿಯಿಂದ. ನಿರ್ಬಂಧದ ಹೆದರಿಕೆಗೆ ಸಾಮಾನು ಮಾರುವವರೇ ಹಿಂದೆ ಸರಿಯುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಆ ರಿಯಾಯಿತಿಯನ್ನೂ ವಾಪಸ್ ತೆಗೆದುಕೊಳ್ಳುವುದಾಗಿ ಅಮೆರಿಕ ಹೇಳಿತು. ಕ್ರೇನುಗಳನ್ನು ಏನು ಮಾಡಬೇಕು ಅಂತ ಆ ಆಂಕರ್‌ನನ್ನೇ ಕೇಳಿ.