ಉಂಗುರದ ಕಥೆ ಬಿಟ್ಟುಹೋಗಿದೆ
ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ ಜೊನಾಥನ್ ಥರ್ಸ್ಟನ್ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿದೆ, ಆದರೆ 2015ರ ಲೀಗ್ ಫೈನಲ್‌ನ ಗೋಲ್ಡನ್ ಪಾಯಿಂಟ್‌ನಲ್ಲೇ (ಸಮಬಲವಾದಾಗ ಹೆಚ್ಚುವರಿ ಆಟದಲ್ಲಿ ಗೆಲುವು ತರುವ ಮೊದಲ ಅಂಕ) ನಿಂತುಬಿಟ್ಟಿದೆ. ಬ್ರಿಸ್ಬೇನ್ ವಿರುದ್ಧ 17-16, ಅವರ ತಂಡ ಕೌಬಾಯ್ಸ್‌ಗೆ ಮೊದಲ ಪ್ರಶಸ್ತಿ, ನಿಜ. ಅದಕ್ಕೆ ಕೆಲವೇ ನಿಮಿಷ ಮುಂಚೆ, ಗೆಲ್ಲಿಸಬೇಕಿದ್ದ ಅವರ ಒದೆತ ಕಂಬಕ್ಕೆ ಬಡಿದು ವಾಪಸ್ ಬಂದಿತ್ತು. ನೆಲಕ್ಕೆ ಕುಸಿದಿದ್ದವರು ಎದ್ದು ಬಂದು ಮತ್ತೆ ಒದ್ದು ಗೆಲ್ಲಿಸೋಕೆ ಎಂಥ ಗುಂಡಿಗೆ ಬೇಕು!

ಆದರೆ ನನ್ನ ಮನಸ್ಸಲ್ಲಿ ಉಳಿದಿರೋದು 2004. ಥರ್ಸ್ಟನ್ ಆಗ ಇದ್ದ ಬುಲ್‌ಡಾಗ್ಸ್ ತಂಡದ ನಾಯಕ ಸ್ಟೀವ್ ಪ್ರೈಸ್‌ಗೆ ಗಾಯವಾಗಿ ಫೈನಲ್ ಕೈತಪ್ಪಿತು. ತಂಡದಲ್ಲಿ ಜಾಗ ಸಿಕ್ಕಿದ್ದು 21 ವರ್ಷದ ಥರ್ಸ್ಟನ್‌ಗೆ. ಗೆದ್ದ ಮೇಲೆ ತಮಗೆ ಬಂದ ವಿಜೇತರ ಉಂಗುರವನ್ನು ಥರ್ಸ್ಟನ್ ಆ ಪ್ರೈಸ್‌ಗೇ ಕೊಟ್ಟುಬಿಟ್ಟರು. ಮುಂದೆ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ನಾಲ್ಕು ಬಾರಿ, ಕ್ವೀನ್ಸ್‌ಲ್ಯಾಂಡ್ ಪರ ನ್ಯೂ ಸೌತ್ ವೇಲ್ಸ್ ವಿರುದ್ಧದ ಒರಿಜಿನ್ ಸರಣಿಯಲ್ಲಿ ಸತತ 36 ಪಂದ್ಯ ಎಲ್ಲಾ ಬಂದವು. ಆ ಉಂಗುರಕ್ಕೆ ಲೇಖನದಲ್ಲಿ ಒಂದು ಸಾಲಾದರೂ ಬೇಕಿತ್ತು. ದಯವಿಟ್ಟು ಸೇರಿಸಿ.